ಸಂಪಿಗೆ ಮೊದಲು

"ಎಂತ ಜನ ಮಾರಾಯ್ರೆ ಇದು! ನನ್ನ ಇಡೀ ವರ್ಷದ ಕೆಲಸ ನುಂಗಿ ನೀರು ಕುಡಿದಿದ್ದಾನೆ!"

ಕಾಕ್ಕನಾಡಿನ ಆಫೀಸಿನಲ್ಲಿ ಕೂತು ವಿಜಯಶ್ರೀ ಗೊಣಗಿದಳು. ವಿಡಿಯೋ ಕಾಲಿನಲ್ಲಿ ಅವಳ ಮೈಕ್ ಆನ್ ಇತ್ತು!

ತಿರುವನಂತಪುರದ ಆಫೀಸಿನಿಂದ ಕಾಲ್‌ಗೆ ಸೇರಿದ್ದ ಸ್ಕಂದ ತಲೆ ಎತ್ತಿದ.

"ನುಂಗಿಲ್ಲ ರೀ... ಬರೀ ಜೋಡಿಸಿದೀನಿ."

ಕನ್ನಡ! ಅದೂ ಮೈಸೂರಿನದು! ಕಾಸರಗೋಡಿನ ಹುಡುಗಿಯ ಕಿವಿ ಕೆಂಪಾಯಿತು. ಎಷ್ಟು ಚಂದದ ಕಣ್ಣು... ಛೆ! ಕಳ್ಳನ ಕಣ್ಣು ಚಂದ ಇದ್ದರೆ ತನಗೇನು?

ಆಗಿದ್ದಿಷ್ಟೇ. ವೆಬ್ ಪುಟದ ಒಂದೊಂದು ಬಟನ್‌ಗೂ ಬಣ್ಣಕ್ಕೊಂದು, ಅಳತೆಗೊಂದು ಎಂದು ಪುಟ್ಟ ಪುಟ್ಟ ಕ್ಲಾಸ್ ಹೆಸರುಗಳನ್ನು ಸಾಲಾಗಿ ಬರೆಯಬೇಕು. ಅದರಲ್ಲಿ ಒಬ್ಬೊಬ್ಬರದು ಒಂದೊಂದು ಕ್ರಮ. ಸ್ಕಂದ ತಯಾರಿಸಿದ ಟೂಲ್‌ಗೆ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಕೊಟ್ಟರೆ ಸಾಕು, ಎಲ್ಲ ಹೆಸರುಗಳೂ ಒಂದೇ ಕ್ರಮಕ್ಕೆ ಬರುತ್ತವೆ. ಪುಟದ ಅಂದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಆದರೆ ಕೋಡಿನ ಸಾಲನ್ನು ಯಾರು ಕೊನೆಗೆ ಮುಟ್ಟಿದರೋ ಅದರ ಪಕ್ಕ ಅವರ ಹೆಸರು ಬಂದು ಕೂರುತ್ತದೆ. ಸ್ಕಂದ ಯಾರಿಗೂ ಹೇಳದೆ ಇಡೀ ಪ್ರಾಜೆಕ್ಟಿನ ಮೇಲೆ ಟೂಲ್ ಓಡಿಸಿದ್ದ. ವಿಜಯಶ್ರೀ ಬರೆದ ಸಾಲುಗಳ ಪಕ್ಕವೆಲ್ಲ ಈಗ ಸ್ಕಂದ, ಸ್ಕಂದ, ಸ್ಕಂದ!

ಅವಳ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ಮ್ಯಾನೇಜರ್ ಮೇರಿ ಮೇಡಂ ತೀರ್ಮಾನಿಸುವ ವಾರವೂ ಅದೇ. ಅವನನ್ನು ಒಂದು ಮಾತೂ ಕೇಳದೆ ಅವಳು ಮೇಡಂಗೆ ದೂರು ಕಳಿಸಿಬಿಟ್ಟಳು.

ಮರುದಿನ ಮೇಡಂ ಕರೆದರು.

"ನಿನ್ನ ದೂರು ಬರುವ ಮೊದಲೇ ಸ್ಕಂದ ಫೋನ್ ಮಾಡಿದ್ದ. 'ಪುಟಗಳೆಲ್ಲ ವಿಜಯಶ್ರೀಯವೇ, ನನ್ನ ಟೂಲಿನಿಂದ ಅವರ ಹೆಸರು ಮುಚ್ಚಿಹೋಗಿದೆ' ಅಂತ. ಎಲ್ಲ ಸರಿಮಾಡಿಯೂ ಕೊಟ್ಟ. ನಿನ್ನ ಕೆಲಸ ಕಾಯಂ! ಆದರೆ ನಿನ್ನ ದೂರಿನ ವಿಷಯ ತಿಳಿದು ಅವನು ಪ್ರಾಜೆಕ್ಟ್ ಬಿಟ್ಟ. 'ಅವರು ಇನ್ನು ನನ್ನ ಮುಖ ನೋಡುವುದು ಬೇಡ' ಅಂದ."

ಅಯ್ಯೋ... ಏನು ಮಾಡಿಬಿಟ್ಟೆ!

ಓಡಿ ಬಂದು ಪರದೆ ತೆರೆದಳು. ಅವಳ ಹೆಸರು ಎಲ್ಲ ಸಾಲುಗಳಿಗೂ ಮರಳಿತ್ತು. ಆದರೆ ಇದೇನು? ಹಳದಿ ಬಟನ್‌ಗಳಿಗೆಂದು ಅವಳೇ ಇಟ್ಟಿದ್ದ 'ಸಂಪಿಗೆ' ಎಂಬ ಕ್ಲಾಸ್ ಹೆಸರು ಆ ಬಟನ್‌ಗಳ ಪ್ರತಿ ಸಾಲಿನಲ್ಲೂ ಮೊದಲು ನಿಂತಿತ್ತು. ತನಗೆ ಗೊತ್ತಿಲ್ಲದ ಹೆಸರನ್ನು ಟೂಲ್ ಕೊನೆಗೆ ತಳ್ಳಬೇಕಲ್ಲವೇ? ಮತ್ತೆ ಇದೊಂದು ಮಾತ್ರ...

ಶನಿವಾರ ಅವನಿಗೊಂದು ಮೆಸೇಜ್ ಹಾಕಿ ಅವಳು ತಿರುವನಂತಪುರದ ರೈಲು ಹತ್ತಿದಳು. ಕೊಲ್ಲಂ ದಾಟಿದ ಮೇಲೆ ಕಿಟಕಿಯಾಚೆ ಹಿನ್ನೀರು ಹೊಳೆಯಿತು. ತೆಂಗಿನ ನೆರಳು, ಮೆಲ್ಲಗೆ ತೇಲುವ ದೋಣಿ, ಎಲ್ಲವೂ ಅರೆನಿದ್ದೆಯ ಕನಸಿನಂತೆ ಸರಿದವು. ಆ ಕನಸಿನ ತುಂಬ ಒಂದೇ ದನಿ... ನುಂಗಿಲ್ಲ ರೀ, ಬರೀ ಜೋಡಿಸಿದೀನಿ.

ತಿರುವನಂತಪುರದ ತಂಪಾನೂರು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಅವನು ಕಾಯುತ್ತಿದ್ದ.

"ಒಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು ನಿಮಗೆ?" ಅವಳ ಕಣ್ಣು ತುಂಬಿತ್ತು.

"ಹೇಳ್ದೆ ಓಡಿಸಿದ್ದು ನಂದೇ ತಪ್ಪು ರೀ."

"ಕೇಳದೆ ದೂರು ಕೊಟ್ಟದ್ದು ನಂದು. ಕ್ಷಮಿಸಿ..." ಅವಳು ತಡೆದು ಕೇಳಿದಳು. "ಸಂಪಿಗೆ ಎಂತಕ್ಕೆ ಮೊದಲು ಬಂತು?"

ಸ್ಕಂದ ನೆಲ ನೋಡಿದ.

"ಅದೊಂದಕ್ಕೆ ಬೇರೆ ನಿಯಮ ಬರೆದೆ. ಅಷ್ಟೊಂದು ಇಂಗ್ಲಿಷ್ ಮಧ್ಯೆ ಒಂದು ಕನ್ನಡದ ಹೆಸರು... ಇಟ್ಟೋರು ಹೇಗಿರ್ತಾರೋ ಅಂತ ದಿನಾ ಹುಡುಕ್ಕೊಂಡು ಓದ್ತಿದ್ದೆ. ಪುಟ ತೆಗೆದ ತಕ್ಷಣ ಕಣ್ಣಿಗೆ ಬೀಳ್ಲಿ ಅಂತ..."

"ಇಷ್ಟ ಅಂತ ನೇರ ಹೇಳ್ಲಿಕ್ಕೆ ಬರುದಿಲ್ವಾ?"

"ಇಷ್ಟ ರೀ... ತುಂಬಾ!"

ಅವಳು ಕಣ್ಣೊರೆಸಿಕೊಂಡಳು. "ನನಗೂ. ಪ್ರಾಜೆಕ್ಟಿಗೆ ಪುನಃ ಬನ್ನಿ. ನನ್ನ ಹೆಸರಿನ ಪಕ್ಕ ನಿಮ್ಮದೂ ಇರ್ಲಿ. ಆದ್ರೆ ಈ ಸಲ ಕೇಳಿ ಇಡ್ಬೇಕು."

"ಈಗ್ಲೇ ಕೇಳ್ತಿದೀನಿ... ಇಡ್ಲಾ?"

ಅವಳು ನಕ್ಕು ಕೈ ಚಾಚಿದಳು.

"ಇಡಿ ಮಾರಾಯ್ರೆ!"