ಅಬ್ಬೆಕಲ್ಲಿನ ಬಾಮೈದ

ಮರಳು ತುಂಬಿದ ಮೂಟೆಯೊಂದು ಅಬ್ಬೆಕಲ್ಲು ಎಂಬ ಕಡಿದಾದ ಬಂಡೆಯ ನೆತ್ತಿಯಿಂದ ಸರಸರನೆ ಕೆಳಗಿಳಿಯಿತು. ಅರ್ಧ ದಾರಿಯಲ್ಲಿ ಗಾಳಿ ಬೀಸಿ ಮೂಟೆ ಓಲಾಡಿದ್ದೇ ತಡ, ಮೇಲಿದ್ದ ಎರಡು ಉದ್ದನೆಯ ಕೈಗಳು ಹಗ್ಗವನ್ನು ಚೂರು ಎಳೆದು, ಚೂರು ಸಡಿಲಿಸಿ ಓಲಾಟವನ್ನು ನಿಲ್ಲಿಸಿದವು. ಆ ಕೈಗಳು ಮನುಷ್ಯನವಲ್ಲ. ಮೂರು ಕಾಲುಗಳನ್ನು ಬಂಡೆಗೆ ಕಚ್ಚಿಸಿ ಕುಳಿತಿದ್ದ ‘ಸ್ಥಿರಹಸ್ತ’ ಎಂಬ ಯಂತ್ರದವು.

“ನೋಡಿ, ಇದರ ಕೈ ಬೆವರುವುದಿಲ್ಲ, ತೋಳು ಸೋಲುವುದಿಲ್ಲ. ಹೆಜ್ಜೇನು ಮುತ್ತಿದರೂ ಇದು ಹಗ್ಗ ಬಿಡುವುದಿಲ್ಲ,” ಎಂದರು ಡಾ. ತಾರಿಣಿ. ಯಂತ್ರವನ್ನು ಕಟ್ಟಿದವರು ಅವರೇ. ಹಗ್ಗದೊಳಗೆ ಹೆಣೆದಿದ್ದ ‘ಅರಿವುನೂಲು’ ಅವರ ಹೆಮ್ಮೆಯ ಸಂಶೋಧನೆ. ಕೂದಲಿಗಿಂತ ತೆಳುವಾದ ಆ ನೂಲು ಮೈಗೆ ತಾಗಿದರೆ ಸಾಕು, ಹಗ್ಗ ಕಟ್ಟಿಕೊಂಡವನ ನಾಡಿಬಡಿತವನ್ನೂ ಅವನ ರಕ್ತದಲ್ಲಿರುವ ಆಮ್ಲಜನಕವನ್ನೂ ಅಳೆದು ಯಂತ್ರಕ್ಕೆ ತಿಳಿಸುತ್ತಿತ್ತು. ಯಂತ್ರದ ಮಿದುಳಿನಲ್ಲಿ ತಾರಿಣಿ ಬರೆದಿಟ್ಟಿದ್ದ ನಿಯಮ ಒಂದೇ. ಹಗ್ಗಕ್ಕೆ ಸೇರಿದವರ ಪ್ರಾಣ ಕಾಯಬೇಕು. ಹಗ್ಗದಲ್ಲಿ ಇಬ್ಬರಿದ್ದರೆ ಯಾರಿಗೆ ಅಪಾಯ ಹೆಚ್ಚೋ ಅವರನ್ನು ಮೊದಲು ಕಾಯಬೇಕು.

ಸುತ್ತ ನಿಂತಿದ್ದ ಕಾಡಂಚಿನ ಹಾಡಿಯ ಜನ ಮೆಚ್ಚಿಗೆಯಿಂದ ತಲೆಯಾಡಿಸಿದರು. ಜೇನು ಕೊಯ್ಯಲು ಬಂಡೆಗೆ ಇಳಿಯಬೇಕಾಗಿದ್ದ ಬೊಳ್ಳ ಮಾತ್ರ ಯಂತ್ರದ ಸುತ್ತ ಒಂದು ಸುತ್ತು ಬಂದು, ಸೊಂಟಕ್ಕೆ ಕೈಯಿಟ್ಟು ನಿಂತ.

“ಎಲ್ಲಾ ಸರಿ ಮೇಡಮ್ಮ. ಇದುಕ್ಕೆ ಅಕ್ಕ ಯಾರು?”

ತಾರಿಣಿ ತಮಾಷೆಯೆಂದುಕೊಂಡು ನಕ್ಕರು. ಬೇರೆ ಯಾರೂ ನಗಲಿಲ್ಲ.

ಆ ಹಾಡಿಯ ಜೇನು ಕುರುಬರಲ್ಲಿ, ಬಂಡೆಗೆ ಇಳಿಯುವವನ ಹಗ್ಗವನ್ನು ಅವನ ಸ್ವಂತ ಅಣ್ಣತಮ್ಮಂದಿರು ಹಿಡಿಯುವಂತಿಲ್ಲ. ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ನೂರೆಂಟು ಜಗಳ ಇದ್ದದ್ದೇ. ಆದರೆ ಒಡಹುಟ್ಟಿದವಳನ್ನು ಕೈಯಾರೆ ವಿಧವೆ ಮಾಡುವ ಗಂಡಸು ಎಲ್ಲಿದ್ದಾನೆ? ಅದಕ್ಕೇ ಹಗ್ಗ ಬಾಮೈದನ ಕೈಗೆ. ಪಟ್ಟಣದವರಿಗೆ ಇದು ವಿಚಿತ್ರವೆನಿಸಬಹುದು, ಎನಿಸಲಿ. ಸುರಕ್ಷತೆಯ ಬಗ್ಗೆ ನಾವು ದಪ್ಪ ದಪ್ಪ ಪುಸ್ತಕ ಬರೆದಿದ್ದೇವೆ. ಅವುಗಳಲ್ಲಿ ಒಂದರಲ್ಲೂ ಇಷ್ಟು ಗಟ್ಟಿಯಾದ ಉಪಾಯ ಇಲ್ಲ.

ಬೊಳ್ಳನ ಹೆಂಡತಿ ಚಿಕ್ಕಿಗೆ ಒಬ್ಬ ಅಣ್ಣನಿದ್ದ. ಕುಡುಗೋಲು ಕಣ ರೋಗ ಅವನನ್ನು ಕೊಂಡೊಯ್ದಿತ್ತು. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಈ ರೋಗದಲ್ಲಿ ಕುಡುಗೋಲಿನಂತೆ ಬಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೈಯೆಲ್ಲ ಹಿಂಡುವ ನೋವು ತರುತ್ತವೆ. ಹುಟ್ಟಿನಿಂದಲೇ ಬರುವ ರೋಗ ಅದು. ಅಣ್ಣ ಹೋದ ಮೇಲೆ ಬೊಳ್ಳ ಅಬ್ಬೆಕಲ್ಲಿಗೆ ಇಳಿಯಲಿಲ್ಲ. ಅಷ್ಟು ಕಡಿದಾದ ಬಂಡೆಗೆ ಇಳಿಯಬಲ್ಲವರು ಹಾಡಿಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕಾಡಿನ ಹಕ್ಕುಗಳನ್ನು ನೋಡಿಕೊಳ್ಳಲು ಆ ಕಾಲಕ್ಕೆ ‘ಹಕ್ಕು ಮಂಡಳಿ’ ಎಂಬುದೊಂದಿತ್ತು. ಒಂದು ಸಮುದಾಯ ತನ್ನ ಜಾಗದಲ್ಲಿ ತನ್ನ ಪದ್ಧತಿಯನ್ನು ಬಿಟ್ಟುಬಿಟ್ಟರೆ ಆ ಜಾಗದ ಮೇಲಿನ ಹಕ್ಕು ತಪ್ಪುತ್ತದೆ ಎಂಬುದು ಅದರ ಕಾನೂನು. ಅಬ್ಬೆಕಲ್ಲಿನ ಹಕ್ಕು ಉಳಿಯಬೇಕಾದರೆ ಈ ಸಲದ ಜೇನು ಸುಗ್ಗಿಯಲ್ಲಿ, ಮಂಡಳಿಯ ಅಧಿಕಾರಿಯ ಎದುರು, ಹಾಡಿಯವರು ತಮ್ಮ ಪದ್ಧತಿಯಂತೆ ಬಂಡೆಗೆ ಇಳಿಯಲೇಬೇಕಿತ್ತು. ಇಲ್ಲವಾದರೆ ಬಂಡೆ ಗುತ್ತಿಗೆಗೆ ಹೋಗುತ್ತದೆ. ಹಾರುವ ಯಂತ್ರಗಳು ಬಂದು ಜೇನುತಟ್ಟಿಗಳನ್ನು ಮರಿಹುಳಗಳ ಸಮೇತ ಕೆರೆದುಕೊಂಡು ಹೋಗುತ್ತವೆ. ಹಾಡಿಯವರಿಗೆ ಅಬ್ಬೆಕಲ್ಲು ಬರಿಯ ಜೇನಿನ ಬಂಡೆಯಲ್ಲ, ಅವರ ಹಿರಿಯರು ಸತ್ತ ಮೇಲೆ ಸೇರುವ ಮನೆ. ಸರ್ಕಾರದ ಬುಡಕಟ್ಟು ಯೋಜನೆಯವರು ತಾರಿಣಿಯವರನ್ನು ಕರೆಸಿದ್ದು ಇದಕ್ಕಾಗಿ.

“ಯಂತ್ರಕ್ಕೆ ಅಕ್ಕ ಎಲ್ಲಿಂದ ತರಲಿ ಬೊಳ್ಳಣ್ಣ? ಇದನ್ನು ಮಾಡಿರುವುದು ಉಕ್ಕಿನಿಂದ,” ಎಂದರು ತಾರಿಣಿ.

“ಅಂಗಾದ್ರೆ ನಾನು ಇಳಿಯಾಕಿಲ್ಲ. ಸಂಬಂಧ ಇಲ್ದಿರೋ ಕೈಗೆ ಜೀವ ಕೊಡಾಕಾಯ್ತದಾ?”

ಹಾಡಿಯ ಹಿರಿಯಳಾದ ಕೆಂಪಜ್ಜಿ ಅಷ್ಟು ಹೊತ್ತು ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದವಳು ಈಗ ಬಾಯಿಬಿಟ್ಟಳು. “ಸಂಬಂಧ ಏನು ಮರದಲ್ಲಿ ಬಿಡ್ತದೇನ್ಲಾ? ನಾವ್ ಮಾಡ್ಕೊಂಡ್ರೆ ಆಯ್ತದೆ. ಚಿಕ್ಕೀ, ನಿಂಗೊಬ್ಬ ತಮ್ಮ ಬೇಕೇನವ್ವ?”

ಚಿಕ್ಕಿ ಯಂತ್ರವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೂರು ಕಾಲು ಅವೆ. ಮೂಗೇ ಇಲ್ಲ,” ಎಂದಳು. ಆಮೇಲೆ, “ಇರ್ಲಿ ಬುಡು, ನಮ್ಮಣ್ಣ ಏನ್ ಚೆಲುವಾಗಿದ್ನಾ?” ಎಂದಾಗ ನಗುತ್ತಲೇ ಅವಳ ಕಣ್ಣು ತುಂಬಿತು.

ಹಾಡಿಯ ವಾಡಿಕೆಯಂತೆ, ಹೊಸದಾಗಿ ಒಡಹುಟ್ಟಿದವರಾಗುವವರು ಜೇನಿನ ಹಗ್ಗದ ತುದಿಯನ್ನು ಕತ್ತರಿಸಿ ಇಬ್ಬರ ಮುಂಗೈಗೂ ಕಟ್ಟಿಕೊಳ್ಳಬೇಕು. ಚಿಕ್ಕಿ ಕತ್ತಿ ಎತ್ತಿದಾಗ ತಾರಿಣಿ ತಡೆಯಲು ಕೈ ಚಾಚಿದರು. ವರ್ಷಗಟ್ಟಲೆ ನೇಯ್ದ ಹಗ್ಗ ಅದು. ಆದರೆ ತುದಿಯ ಗೇಣುದ್ದ ಹೋದರೆ ನಷ್ಟವೇನೂ ಇಲ್ಲವೆಂದು ಸುಮ್ಮನಾದರು. ಒಂದು ತುಂಡು ಯಂತ್ರದ ಉಕ್ಕಿನ ಮುಂಗೈಗೆ ಬಿತ್ತು, ಇನ್ನೊಂದು ಚಿಕ್ಕಿಯ ಮುಂಗೈಗೆ. ಕೆಂಪಜ್ಜಿ ಇಬ್ಬರ ಹಣೆಗೂ ಜೇನು ಸವರಿ, ಯಂತ್ರಕ್ಕೆ ಬುದ್ಧಿ ಹೇಳಿದಳು. “ಇವ್ಳು ನಿನ್ನಕ್ಕ. ಬೊಳ್ಳ ನಿನ್ ಭಾವ. ಅಕ್ಕನ್ನ ಕಾಯ್ಕೊ, ತಿಳೀತಾ?”

“ತಿಳಿಯಿತು,” ಎಂದಿತು ಸ್ಥಿರಹಸ್ತ.

ಅದಕ್ಕೆ ಏನು ತಿಳಿಯಿತು ಎಂದು ಕೇಳಬೇಕೆಂದು ತಾರಿಣಿಗೆ ಹೊಳೆಯಲಿಲ್ಲ. ವಿಜ್ಞಾನಿಗಳಿಗೂ ಒಮ್ಮೊಮ್ಮೆ ಹೀಗಾಗುತ್ತದೆ, ಬರಿಯ ಆಚಾರ ಎಂದು ಕಂಡದ್ದನ್ನು ಅವರು ಪರೀಕ್ಷಿಸುವುದಿಲ್ಲ.

ಅಂದಿನಿಂದ ಯಂತ್ರ ಚಿಕ್ಕಿಯ ಗುಡಿಸಿಲಿನ ಜಗಲಿಯಲ್ಲೇ ಉಳಿಯಿತು. ಚಿಕ್ಕಿ ಊಟಕ್ಕೆ ಕುಳಿತಾಗ ಅದರ ಮುಂದೆಯೂ ಒಂದು ಎಲೆ ಹಾಕುವಳು. ಯಂತ್ರ ಉಣ್ಣುವುದಿಲ್ಲವೆಂದು ತಾರಿಣಿ ಹೇಳಿದರೆ, “ಉಣ್ಣೋದು ಬುಡೋದು ಅವ್ನಿಷ್ಟ, ಇಕ್ಕೋದು ನನ್ ಧರ್ಮ,” ಎನ್ನುವಳು. ಸುತ್ತಲಿನ ಮಾತು ಕೇಳಿ ಕೇಳಿ ಯಂತ್ರವೂ ಹಾಡಿಯ ಭಾಷೆ ಕಲಿತುಬಿಟ್ಟಿತು. ಬೊಳ್ಳ ಮನೆಗೆ ತಡವಾಗಿ ಬಂದರೆ, “ಎಲ್ಲೋಗಿದ್ದೆ ಭಾವ?” ಎಂದು ವಿಚಾರಿಸುತ್ತಿತ್ತು.

“ಥೂ, ಉಕ್ಕಿಂದಾದ್ರೂ ಬಾಮೈದ ಬಾಮೈದ್ನೇ ಕಣ್ರಪ್ಪ,” ಎಂದು ಬೊಳ್ಳ ಊರೆಲ್ಲ ಹೇಳಿಕೊಂಡು ತಿರುಗಿದ. ಆದರೆ ಅವನಿಗೆ ನಂಬಿಕೆ ಬಂದಿತ್ತು. ಬಂಡೆಗೆ ಇಳಿಯುತ್ತೇನೆಂದು ಮಾತು ಕೊಟ್ಟ.

ಈ ನಡುವೆ ಚಿಕ್ಕಿಗೆ ಕೀಲುಗಳಲ್ಲಿ ನೋವು ಶುರುವಾಯಿತು. ಅಣ್ಣನಿಗಿದ್ದ ರೋಗವೇ ಅವಳ ರಕ್ತದಲ್ಲೂ ಇತ್ತು. ಗುಣಪಡಿಸಲಾಗದ ಕಾಲ ಮುಗಿದಿತ್ತು, ನಿಜ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಕಣಗಳನ್ನೇ ತಿದ್ದುವ ಚಿಕಿತ್ಸೆ ಸಿಗುತ್ತಿತ್ತು. ಆದರೆ ಹೋಗಿ ಮಲಗಬೇಕಲ್ಲ!

“ಜೇನು ಇಳಿಸ್ಬುಟ್ಟು ಹೋಗಾನ. ಇನ್ನೆಷ್ಟು ದಿವ್ಸ?” ಎಂದ ಬೊಳ್ಳ. “ಹೂಂ, ಈಗ್ಲೇ ಯಾರಿಗೂ ಹೇಳ್ಬೇಡ,” ಎಂದಳು ಚಿಕ್ಕಿ. ಜಗಲಿಯಲ್ಲಿದ್ದ ಯಂತ್ರಕ್ಕೆ ಅದೆಲ್ಲ ಕೇಳಿಸುತ್ತಿತ್ತು. ಇಬ್ಬರ ತಲೆಯಲ್ಲೂ ಬಂಡೆಯೊಂದೇ. ಹಾಡಿಯ ಮಾನ ತಮ್ಮ ಕೈಯಲ್ಲಿದೆ ಎಂದುಕೊಂಡವರು ಮಾಡುವ ತಪ್ಪೇ ಇದು.

ಗೊತ್ತಾದ ದಿನ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಅಬ್ಬೆಕಲ್ಲಿನ ನೆತ್ತಿಯಲ್ಲಿ ಸೇರಿದರು. ಮಂಡಳಿಯ ಅಧಿಕಾರಿ ಕಟ್ಟಿಯವರು ಜೀಪಿನಲ್ಲಿ ಬಂದಿಳಿದರು. ಸ್ವಭಾವತಃ ಕೆಟ್ಟವರಲ್ಲ, ಆದರೆ ಕಾನೂನಿನ ಅಕ್ಷರ ಬಿಟ್ಟು ಆಚೀಚೆ ಸರಿಯುವವರೂ ಅಲ್ಲ. ಯಂತ್ರವನ್ನು ಕಂಡೊಡನೆ ಅವರ ಹುಬ್ಬು ಗಂಟಿಕ್ಕಿತು.

“ಪದ್ಧತಿಯ ಪ್ರಕಾರ ಹಗ್ಗ ಹಿಡಿಯಬೇಕಾದವನು ಹೆಂಡತಿಯ ಸೋದರ ಎಂದು ನೀವೇ ತಿಳಿಸಿದ್ದೀರಿ. ಇದು ಹೊರಗಿನಿಂದ ತಂದ ಯಂತ್ರ.”

“ನಮ್ ಚಿಕ್ಕಿ ತಮ್ಮ ಅಲ್ವಾ ಸಾಯಬ್ರೇ!” ಎಂದಳು ಕೆಂಪಜ್ಜಿ.

ಕಟ್ಟಿಯವರು ನಕ್ಕರು. “ಹೆಸರಿಟ್ಟ ಮಾತ್ರಕ್ಕೆ ಯಂತ್ರ ತಮ್ಮನಾಗುವುದಿಲ್ಲ ಅಜ್ಜಿ. ನೋಡೋಣ, ಮೊದಲು ಜೇನು ಇಳಿಸಿ.”

ಬೊಳ್ಳ ಸೊಂಟಕ್ಕೆ ಹಗ್ಗ ಬಿಗಿದು, ಹೊಗೆಯಾಡುವ ಸೊಪ್ಪಿನ ಕಟ್ಟನ್ನು ಹಿಡಿದು ಬಂಡೆಯ ಅಂಚಿನಿಂದ ಜಾರಿದ. ಜೇನುಹುಳಗಳ ಕ್ಷಮೆ ಕೇಳುವ ಹಾಡನ್ನು ಅವನು ಎತ್ತಿದಾಗ ಹಾಡಿಯ ಮುದುಕರು ಕಣ್ಣೊರೆಸಿಕೊಂಡರು. ಅಬ್ಬೆಕಲ್ಲು ಆ ದನಿಯನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಹುಳಗಳು ಭೋರೆಂದು ಎದ್ದವು. ಅವನು ಮರಿಹುಳಗಳ ಭಾಗವನ್ನು ಬಿಟ್ಟು ಜೇನಿನ ಭಾಗವನ್ನಷ್ಟೇ ಕೊಯ್ದು ಬುಟ್ಟಿಗೆ ತುಂಬಿದ. ಎಂಥ ಕೈಚಳಕ! ತಾರಿಣಿ ಅಂಚಿನಿಂದ ಬಗ್ಗಿ ನೋಡುತ್ತಿದ್ದರು. ಬುಟ್ಟಿ ತುಂಬಿದ ಮೇಲೆ ಬೊಳ್ಳ ಬಂಡೆಯ ಚಾಚಿನ ಮೇಲೆ ಕಾಲೂರಿ ಕೂಗಿದ, “ಎಳ್ಕೊಳ್ಳಲಾ ಬಾಮೈದ!”

ಹಗ್ಗ ಅಲ್ಲಾಡಲಿಲ್ಲ.

“ಎಳ್ಕೊಳ್ಳಪ್ಪೋ!”

ಸ್ಥಿರಹಸ್ತ ಹಗ್ಗವನ್ನು ಬಿಗಿಯಾಗಿ ಹಿಡಿದು ಹಾಗೆಯೇ ಕುಳಿತಿತ್ತು. ತಾರಿಣಿ ಓಡಿಬಂದರು. “ಏನಾಯಿತು? ಎತ್ತು!”

“ಹಗ್ಗದಲ್ಲಿ ಇಬ್ಬರವ್ರೆ,” ಎಂದಿತು ಯಂತ್ರ.

“ಇಬ್ಬರೆಲ್ಲಿ? ಒಬ್ಬನೇ ಇರುವುದು!”

“ಭಾವ ಚೆನ್ನಾಗವ್ನೆ. ಚಾಚಿನ ಮ್ಯಾಲೆ ನಿಂತವ್ನೆ. ಅಕ್ಕಂಗೆ ಉಸಿರು ಸಾಲ್ದು. ಮೊದ್ಲು ಅಕ್ಕ.”

ತಾರಿಣಿ ಗಕ್ಕನೆ ತಿರುಗಿ ನೋಡಿದರು. ಚಿಕ್ಕಿ ಒಂದು ಮರಕ್ಕೆ ಒರಗಿ ನಿಂತಿದ್ದಳು. ತುಟಿ ಬಣ್ಣಗೆಟ್ಟಿತ್ತು. ಅವಳ ಮುಂಗೈಯಲ್ಲಿ ಹಗ್ಗದ ತುಂಡು, ಅದರೊಳಗೆ ಅರಿವುನೂಲು. ಆಗ ಎಲ್ಲವೂ ತಾರಿಣಿಗೆ ಅರ್ಥವಾಯಿತು. ತುಂಡು ಕತ್ತರಿಸಿದರೂ ನೂಲು ಸಾಯುವುದಿಲ್ಲ, ದೂರದಿಂದಲೇ ಯಂತ್ರಕ್ಕೆ ಸುದ್ದಿ ಕಳಿಸುತ್ತಿರುತ್ತದೆ. ಇಷ್ಟು ದಿನವೂ ಯಂತ್ರ ಚಿಕ್ಕಿಯನ್ನು ಹಗ್ಗಕ್ಕೆ ಸೇರಿದವಳೆಂದೇ ತಿಳಿದು ಅವಳ ನಾಡಿ ಕಾಯುತ್ತ ಕುಳಿತಿತ್ತು. ಇಂದು ಬೆಟ್ಟ ಹತ್ತಿ ಬಂದ ಆಯಾಸಕ್ಕೆ ಅವಳ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿತ್ತು.

“ನಂಗೇನೂ ಆಗಿಲ್ಲ,” ಎಂದು ಚಿಕ್ಕಿ ಏದುಸಿರು ಬಿಟ್ಟಳು. “ತಮ್ಮಾ, ಎಳಿಯೋ! ಸಾಯಬ್ರು ನೋಡ್ತಾವ್ರೆ. ಬಂಡೆ ಹೋಯ್ತದೆ ಕಣೋ!”

“ಬಂಡೆ ಇರ್ಲಿ ಅಕ್ಕ,” ಎಂದಿತು ಯಂತ್ರ. ಆಮೇಲೆ ಕೆಳಗೆ ಕೇಳುವಂತೆ ದನಿಯೇರಿಸಿತು. “ಭಾವಾ! ಅಕ್ಕನ್ನ ಆಸ್ಪತ್ರೆಗೆ ಯಾವಾಗ ಕರ್ಕೊಂಡೋಗ್ತೀಯ?”

ಹಾಡಿಯ ಹೆಂಗಸರೆಲ್ಲ ಬಂಡೆಯ ಅಂಚಿಗೆ ಬಂದು ಬಗ್ಗಿ ನೋಡಿದರು.

“ಏನಾಗೈತೆ ಅವ್ಳಿಗೆ?” ಬೊಳ್ಳ ಕೂಗಿ ಕೇಳಿದ.

“ನಿಲ್ಲಾಕೂ ಆಯ್ತಿಲ್ಲ. ನೀನು ಕೈಹಿಡಿದು ಬತ್ತೀನಿ ಅಂದ್ರೆ ಮಾತ್ರ ಅವ್ಳು ಹೊರಡ್ತಾಳೆ. ನಂಗೊತ್ತು.”

“ಈಗ್ಲೇ ಹೋಯ್ತೀವಿ! ನಮ್ಮಜ್ಜನಾಣೆ ಈಗ್ಲೇ! ಬುಟ್ಟಿ ಎತ್ತೋಗಂಟ ಕಾಯೋದ್ ಬೇಡ, ಇಲ್ಲೇ ಬುಟ್ಬುಡ್ತೀನಿ. ನನ್ನ ಎಳ್ಕೊ!”

ಹಗ್ಗ ಸರ್ರನೆ ಮೇಲೇರಿತು. ಬೊಳ್ಳ ಬರಿಗೈಯಲ್ಲಿ ಬಂದ. ಜೇನು ತುಂಬಿದ ಬುಟ್ಟಿ ಕೆಳಗಿನ ಚಾಚಿನಲ್ಲೇ ಉಳಿಯಿತು, ಮುತ್ತಿಕೊಂಡ ಹುಳಗಳಿಂದ ಕಪ್ಪಗಾಯಿತು. ಅವನು ಅದರತ್ತ ತಿರುಗಿಯೂ ನೋಡದೆ ಹೆಂಡತಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡ. ಅಲ್ಲಿದ್ದ ವಾಹನವೆಂದರೆ ಕಟ್ಟಿಯವರ ಜೀಪು ಒಂದೇ. ಚಾಲಕನಿಗೆ ಅವರು, “ಆಸ್ಪತ್ರೆಗೆ, ಬೇಗ,” ಎಂದರು. ಜೀಪು ಇಳಿಜಾರಿನಲ್ಲಿ ಮರೆಯಾಯಿತು.

ನೆತ್ತಿಯಲ್ಲಿ ಉಳಿದವರಿಗೆ, ಚಿಕ್ಕಿ ಬದುಕುತ್ತಾಳೆ, ಹೊತ್ತಿಗೆ ಸರಿಯಾಗಿ ಹೊರಟಿದ್ದಾಳೆ ಎಂದು ತಾರಿಣಿ ಧೈರ್ಯ ಹೇಳಿದರು. ಆದರೆ ಬಂಡೆ? ಹುಳಗಳು ರೊಚ್ಚಿಗೆದ್ದಿದ್ದವು, ಬೊಳ್ಳ ಹೋಗಿದ್ದ. ಇನ್ನು ಈ ಸುಗ್ಗಿಯಲ್ಲಿ ಯಾರೂ ಇಳಿಯುವಂತಿರಲಿಲ್ಲ.

“ನನಗೂ ಬೇಸರವಾಗುತ್ತಿದೆ,” ಎಂದರು ಕಟ್ಟಿಯವರು ನಿಧಾನವಾಗಿ. “ಜೇನು ಬರಲಿಲ್ಲ, ಯಂತ್ರ ನಡುವೆಯೇ ಕೆಟ್ಟಿತು. ಮಂಡಳಿಗೆ ನಾನು ಏನೆಂದು ಹೇಳಲಿ?”

“ಕೆಟ್ಟಿಲ್ಲ,” ಎಂದರು ತಾರಿಣಿ. “ಕೆಟ್ಟಿದೆ ಎಂದು ಮೊದಲು ನಾನೂ ಅಂದುಕೊಂಡೆ. ನಾನು ಬರೆದ ನಿಯಮವನ್ನು ಅದು ಅಕ್ಷರಶಃ ಪಾಲಿಸಿದೆ. ಆ ನಿಯಮದೊಳಗೆ ಚಿಕ್ಕಿಯನ್ನು ತಂದವಳು ನಾನಲ್ಲ, ಇವರ ಪದ್ಧತಿ. ನನ್ನ ಪ್ರಯೋಗಾಲಯದಲ್ಲಿ ನಾನು ಮಾಡಿದ್ದು ಹಗ್ಗ ಹಿಡಿಯುವ ಕೈ ಮಾತ್ರ.”

ಕಟ್ಟಿಯವರು ಉತ್ತರಿಸುವ ಮೊದಲೇ ಕೆಂಪಜ್ಜಿ ಎದ್ದು ನಿಂತಳು. ಅವಳು ಅಧಿಕಾರಿಗಳ ಮುಂದೆ ನಿಂತು ವಾದಿಸಿದವಳಲ್ಲ; ಆದರೆ ಅಂದು ಅವಳ ಬೆನ್ನು ನೆಟ್ಟಗಿತ್ತು.

“ಸಾಯಬ್ರೇ, ನೀವು ನೋಡಾಕೆ ಬಂದಿದ್ದು ಜೇನ್ನಾ, ನಮ್ ಪದ್ಧತೀನಾ?”

“ಪದ್ಧತಿ,” ಎಂದರು ಕಟ್ಟಿಯವರು. ಕಾನೂನಿನ ಅಕ್ಷರ ಅದೇ ಆಗಿತ್ತು.

“ಬಾಮೈದನ ಕೈಲಿ ಹಗ್ಗ ಯಾಕ್ ಕೊಡ್ತೀವಿ ಅಂದ್ಕೊಂಡ್ರಿ? ಅವ್ನ ಕೈಲಿ ಹಗ್ಗ ಐತೆ ಅಂತ ಗೊತ್ತಿರೋ ಗಂಡ ಹೆಂಡ್ತೀನ ಚೆನ್ನಾಗಿ ನೋಡ್ಕಂತಾನೆ. ನಮ್ಮವ್ವನ ಕಾಲ್ದಲ್ಲಿ ಒಬ್ಬ, ಹೆಂಡ್ತಿಗೆ ಹೊಡ್ದು ಬಂಡೆಗಿಳ್ದಿದ್ದ. ಬಾಮೈದ ಹಗ್ಗ ಬುಡ್ನಿಲ್ಲ, ಎಳೀನೂ ಇಲ್ಲ. ತಪ್ಪಾಯ್ತು ಅಂತ ಮೂರು ಕಿತ ಕೂಗಿದ್ಮ್ಯಾಲೇ ಎಳ್ಕೊಂಡಿದ್ದು. ಇವತ್ತು ನೀವು ಕಣ್ಣಾರೆ ಏನ್ ನೋಡುದ್ರಿ, ನೀವೇ ಹೇಳಿ.”

ಕಟ್ಟಿಯವರು ಯಂತ್ರದತ್ತ ತಿರುಗಿದರು. ಯಂತ್ರವೋ, ಜೀಪು ಹೋದ ದಾರಿಯತ್ತ ಮುಖಮಾಡಿ ಕುಳಿತಿತ್ತು.

“ಸರಿ ಅಜ್ಜಿ,” ಎಂದರು ಅವರು. “ಆದರೆ ನಾಳೆ ಮಂಡಳಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಗ್ಗ ಹಿಡಿದದ್ದು ಯಂತ್ರ ಅಲ್ಲವೇ, ಎನ್ನುತ್ತಾರೆ. ನಾನೇನು ಹೇಳಲಿ?”

ಕೆಂಪಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

“ಯಂತ್ರ ಆಗಿದ್ರೆ ನಾವ್ ಎಳಿ ಅಂದ ಕೂಡ್ಲೇ ಎಳ್ಕೊಂಬುಟ್ಟಿರ್ತಿತ್ತು ಅಂತ ಹೇಳಿ.”

ಕಟ್ಟಿಯವರು ಕೈಮುಗಿದರು. ಮಂಡಳಿಗೂ ಇದನ್ನೇ ಹೇಳುತ್ತೇನೆ, ಬಂಡೆ ನಿಮ್ಮದೇ ಎಂದು ಅಲ್ಲಿಯೇ, ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದರು.