ಬೇಲಿಯ ಬುಡಕ್ಕೊಂದು ಹೊದಿಕೆ

“ಲೆಂಪಿ! ಬಾ ಇಲ್ಲಿ! ನಿಮ್ಮನೆ ಅಂಗಳ ನಮ್ಮನೆಗೆ ಬಂದಿದೆ, ವಾಪಸ್ ತಗೊಂಡು ಹೋಗು!”

ಮಿಸ್ಟರ್ ಹಾಬ್ಸನ್ ಕೂಗಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತದೆ. ನಿವೃತ್ತರಾಗುವ ತನಕ ಅವರು ನದಿ ಸಮುದ್ರ ಸೇರುವಲ್ಲಿ ಹಡಗುಗಳಿಗೆ ದಾರಿ ತೋರಿಸುತ್ತಿದ್ದವರು. ಗಾಳಿಮಳೆಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಅದು.

ಲೆಂಪಿ ಓಡಿ ಬಂದಳು. ಹಿಂದೆಯೇ ಅಮ್ಮನೂ ಬಂದಳು. ಮಿಸ್ಟರ್ ಹಾಬ್ಸನ್ ತಮ್ಮ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಕೂತಿದ್ದರು. ಪ್ಯಾಂಟೆಲ್ಲ ಕೆಸರಾಗಿತ್ತು. ಪಕ್ಕದಲ್ಲಿ ಅಂಗಡಿಯ ಚೀಲ ಬಿದ್ದಿತ್ತು.

“ಅಯ್ಯೋ, ಏಟಾಯ್ತಾ?” ಎಂದಳು ಅಮ್ಮ.

“ನನಗಿಲ್ಲ. ಮೊಟ್ಟೆಗೆ ಆಯ್ತು.”

ಆಸ್ಟೋರಿಯಾ ಎಂಬ ಆ ಊರಿನಲ್ಲಿ ಮನೆಗಳೆಲ್ಲ ಗುಡ್ಡ ಹತ್ತಿ ಕೂತಿವೆ. ಲೆಂಪಿಯ ಮನೆ ಮೇಲೆ, ಮಿಸ್ಟರ್ ಹಾಬ್ಸನ್ ಮನೆ ಕೆಳಗೆ. ನಡುವಿನ ಇಳಿಜಾರಿನಲ್ಲಿ ಗಿಡದ ಬೇಲಿ. ಮಳೆ ಜೋರಾದಾಗಲೆಲ್ಲ ಬೇಲಿಯ ಬುಡದ ಮಣ್ಣು ಕೊಚ್ಚಿಕೊಂಡು ಕೆಳಗಿನ ಮೆಟ್ಟಿಲಿಗೆ ಬರುತ್ತಿತ್ತು.

“ಇನ್ನು ಆಗಲ್ಲ,” ಎಂದಳು ಅಮ್ಮ. “ಏಪ್ರಿಲ್‌ನಲ್ಲಿ ಮಳೆಗಾಲ ಮುಗಿದ ಮೇಲೆ ಈ ಬೇಲಿ ಕೀಳಿಸಿ ಕಾಂಕ್ರೀಟ್ ಗೋಡೆ ಕಟ್ಟಿಸ್ತೀನಿ.”

ಲೆಂಪಿ ಬೇಲಿಯ ಕಡೆ ತಿರುಗಿದಳು. ಬೇಲಿಯ ಒಳಗೆ ಅವಳದೊಂದು ಕೋಣೆ ಇತ್ತು. ಕೊಂಬೆಗಳ ನಡುವೆ ಒಬ್ಬಳೇ ಕೂರುವಷ್ಟು ಜಾಗ. ಅಲ್ಲಿ ಅವಳು ಪುಸ್ತಕ ಓದುತ್ತಿದ್ದಳು, ಸಿಟ್ಟು ಬಂದಾಗ ಅಳುತ್ತಿದ್ದಳು. ಪುಟ್ಟ ಹಕ್ಕಿಗಳು ಅವಳನ್ನು ಲೆಕ್ಕಕ್ಕೇ ಇಡದೆ ಓಡಾಡುತ್ತಿದ್ದವು.

“ಅಮ್ಮ, ಅಷ್ಟರೊಳಗೆ ನಾನು ಮಣ್ಣು ನಿಲ್ಲಿಸಿದ್ರೆ?”

ಅಮ್ಮ ಅವಳ ಕಾಲು ನೋಡಿದಳು. “ಮೊದಲು ಶೂ ಲೇಸ್ ಕಟ್ಕೋ. ಆಮೇಲೆ ಗುಡ್ಡ ಹಿಡಿ.”

ಬೇಡ ಎನ್ನಲಿಲ್ಲವಲ್ಲ, ಲೆಂಪಿಗೆ ಅಷ್ಟೇ ಸಾಕಾಗಿತ್ತು.

ಮರುದಿನವೂ ಮಳೆ. ಲೆಂಪಿ ರೇನ್‌ಕೋಟ್ ಹಾಕಿಕೊಂಡು ತನ್ನ ಕೋಣೆಯಲ್ಲಿ ಕೂತು ನೆಲವನ್ನೇ ನೋಡಿದಳು. ಕೊಂಬೆಗಳಿಂದ ದಪ್ಪ ಹನಿಗಳು ಬೀಳುತ್ತಿದ್ದವು. ಹನಿ ಬಿದ್ದಲ್ಲೆಲ್ಲ ಮಣ್ಣು ಚಿಮ್ಮಿ ಅವಳ ಕಾಲುಚೀಲಕ್ಕೆ ಹಾರುತ್ತಿತ್ತು. ಒಂದು ಕಡೆ ಮಾತ್ರ ಅಗಲವಾದ ಮೇಪಲ್ ಎಲೆ ಬಿದ್ದಿತ್ತು. ಅದರಡಿಯ ಮಣ್ಣು ಅಲ್ಲಾಡಲಿಲ್ಲ.

ಮಣ್ಣಿಗೆ ಏನಾದರೂ ಹೊದಿಸಬೇಕು! ಲೆಂಪಿಗೆ ಕುಣಿಯುವಷ್ಟು ಖುಷಿಯಾಯಿತು.

ಶನಿವಾರ ಅದೃಷ್ಟವೂ ಕೈಹಿಡಿದಂತೆ ಕಂಡಿತು. ತಿರುವಿನ ಮನೆಯವರು ರಸ್ತೆಯಂಚಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಅದರ ಮೇಲೆ ‘ಫ್ರೀ! ಬೇಗ ಹಬ್ಬುತ್ತದೆ’ ಎಂದು ಬರೆದಿತ್ತು. ಒಳಗೆ ಮಿರಿಮಿರಿ ಮಿಂಚುವ ಎಲೆಗಳ ಬಳ್ಳಿ. ಲೆಂಪಿ ಪೆಟ್ಟಿಗೆಯನ್ನು ತನ್ನ ಎಳೆಯುವ ಗಾಡಿಯಲ್ಲಿ ತಂದಳು. ಸಂಜೆಯೊಳಗೆ ಇಳಿಜಾರೆಲ್ಲ ಹಸಿರಾಯಿತು.

“ಏನಿದು!” ಕೆಳಗಿನಿಂದ ಕೂಗು ಬಂತು. ಮಿಸ್ಟರ್ ಹಾಬ್ಸನ್ ಮುಖ ಟೊಮೆಟೊ ಆಗಿತ್ತು. “ಐವಿ ಬಳ್ಳಿ! ಯಾರು ಕೊಟ್ರು ನಿಂಗೆ?”

“ಫ್ರೀ ಇತ್ತು...”

“ನೆಗಡೀನೂ ಫ್ರೀ ಸಿಗುತ್ತೆ! ಬಾ ನನ್ ಜೊತೆ.”

ಅವರು ಅವಳನ್ನು ಮನೆಗಳ ಹಿಂದಿನ ಕಾಡಿನ ಕಣಿವೆಗೆ ಕರೆದುಕೊಂಡು ಹೋದರು. ಅಲ್ಲೊಂದು ಭಾರಿ ಮರ ಬುಡಸಮೇತ ಮಗುಚಿ ಬಿದ್ದಿತ್ತು. ಅದರ ಮೈತುಂಬ ಅದೇ ಮಿರಿಮಿರಿ ಎಲೆಗಳು.

“ಹನ್ನೆರಡು ವರ್ಷದಿಂದ ನಾವು ಕೆಲವರು ಇಲ್ಲಿ ಐವಿ ಕೀಳ್ತಾನೇ ಇದೀವಿ. ಇದು ನೆಲ ಮುಚ್ಚುತ್ತೆ, ಇಲ್ಲ ಅನ್ನಲ್ಲ. ಆಮೇಲೆ ನಿನ್ನ ಬೇಲಿ ಹತ್ತುತ್ತೆ, ಅದನ್ನ ಸಾಯಿಸಿ ಮರ ಹತ್ತುತ್ತೆ, ಅದರ ಭಾರಕ್ಕೆ ಮರಾನೂ ಬೀಳುತ್ತೆ.”

ಲೆಂಪಿಗೆ ತನ್ನ ಕೋಣೆ ನೆನಪಾಯಿತು. ಭಾನುವಾರವಿಡೀ ಅವಳು ಬಳ್ಳಿ ಕಿತ್ತಳು. ಬೆರಳುದ್ದದ ಚೂರನ್ನೂ ಬಿಡದೆ ಚೀಲಕ್ಕೆ ತುಂಬಿದಳು. ಅಳು ಬಂತು. ಮೂಗು ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಮಣ್ಣಾಯಿತು.

“ಹಾಗಾದ್ರೆ ಏನು ನೆಡ್ಲಿ ನಾನು?” ಬೇಲಿಯಾಚೆ ನಿಂತಿದ್ದ ಮಿಸ್ಟರ್ ಹಾಬ್ಸನ್‌ರನ್ನು ಸಿಟ್ಟಿನಿಂದಲೇ ಕೇಳಿದಳು.

“ನನ್ನ ಕೇಳ್ಬೇಡ. ನಂಗೆ ಗೋಡೆ ಬೇಕು.” ಹೊರಟವರು ಮತ್ತೆ ತಿರುಗಿದರು. “ಕಣಿವೇಲಿ ಮರದ ಕೆಳಗೆ ಯಾರೂ ನೀರು ಹಾಕಲ್ಲ, ಗೊಬ್ಬರ ಹಾಕಲ್ಲ. ಆದ್ರೂ ಅಲ್ಲಿ ಯಾವ್ಯಾವ ಗಿಡ ಚೆನ್ನಾಗಿದೆ? ಹೋಗಿ ನೋಡು.”

ಲೆಂಪಿ ಹೋಗಿ ನೋಡಿದಳು. ಕತ್ತಲೆಯಂಥ ನೆರಳಿನಲ್ಲಿ ಮೂರೆಲೆಯ ಹುಳಿಸೊಪ್ಪು ದಟ್ಟವಾಗಿ ಹಬ್ಬಿತ್ತು. ಒಂದೆಲೆ ಅಗಿದು ಮುಖ ಹುಳ್ಳಗೆ ಮಾಡಿದಳು. ಬೆಳಕು ಬೀಳುವ ಅಂಚಿನಲ್ಲಿ ಕಾಡು ಸ್ಟ್ರಾಬೆರಿ ನೆಲಕ್ಕಂಟಿಕೊಂಡಿತ್ತು. ಎಲ್ಲದರ ನಡುವೆ ಉದುರಿದ ಎಲೆಗಳು ಬಿದ್ದಲ್ಲೇ ಬಿದ್ದಿದ್ದವು. ಇಲ್ಲಿ ಯಾರೂ ಕಸ ಗುಡಿಸುವುದಿಲ್ಲ. ಬೇಲಿಯ ಬುಡವನ್ನಾದರೆ ಅವಳೇ ವಾರವಾರ ಗುಡಿಸಿ ಬೋಳು ಮಾಡುತ್ತಿದ್ದಳು!

“ನಮ್ಮನೆ ಹಿತ್ತಲಲ್ಲಿ ಎರಡೂ ಇವೆ, ಕಿತ್ಕೋ,” ಎಂದರು ಮಿಸ್ಟರ್ ಹಾಬ್ಸನ್. “ಗೋಡೆ ಬೇಡ ಅಂತ ನಾನು ಹೇಳಿಲ್ಲ, ನೆನಪಿರಲಿ.”

ನೆರಳಿಗೆ ಹುಳಿಸೊಪ್ಪು, ಕೆಳಗಿನ ಅಂಚಿಗೆ ಸ್ಟ್ರಾಬೆರಿ, ನಡುವೆ ಒಣಗಿದೆಲೆ. ಸ್ಟ್ರಾಬೆರಿಯ ಉದ್ದ ಬಳ್ಳಿಗಳನ್ನು ಕಂಡು ಮಿಸ್ಟರ್ ಹಾಬ್ಸನ್ ನಿಂತಲ್ಲಿಂದಲೇ ಹೇಳಿದರು, “ತುದೀಲಿರೋ ಮರಿಗಿಡದ ಪಕ್ಕ, ಬಳ್ಳಿ ಮೇಲೆ ಒಂದು ಕಲ್ಲಿಡು. ಇಲ್ದಿದ್ರೆ ಗಾಳಿಗೆ ಅಲ್ಲಾಡಿ ಬೇರು ಬಿಡಲ್ಲ.”

ಎಲ್ಲ ಮುಗಿದಾಗ ಅಮ್ಮ ಬಂದು ನೋಡಿದಳು. “ಇಷ್ಟೇನಾ?”

ಇಷ್ಟೇ. ಐವಿ ನೆಟ್ಟಾಗಿದ್ದ ಅಂದ ಇದಕ್ಕೆ ಇರಲಿಲ್ಲ.

ನವೆಂಬರ್‌ನ ಬಿರುಮಳೆಗೆ ಮತ್ತೆ ಮಣ್ಣು ಇಳಿಯಿತು. ಲೆಂಪಿ ಮಿಸ್ಟರ್ ಹಾಬ್ಸನ್ ಮೆಟ್ಟಿಲು ಗುಡಿಸಿದಳು. ಬೋಳಾದಲ್ಲಿ ಇನ್ನಷ್ಟು ಎಲೆ ಹರಡಿದಳು. ಜನವರಿಯಲ್ಲಿ ಸ್ವಲ್ಪವೇ ಬಂತು. ಮಾರ್ಚ್ ಕೊನೆಯಲ್ಲಿ ಮೂರು ದಿನ ಬಿಡದೆ ಸುರಿದಾಗ ಮೆಟ್ಟಿಲಿಗೆ ಬಂದದ್ದು ಬರೀ ನೀರು.

ಏಪ್ರಿಲ್‌ನಲ್ಲಿ ಕಾಂಕ್ರೀಟ್‌ನವನು ಟೇಪು ಹಿಡಿದು ಬಂದೇಬಿಟ್ಟ. ಲೆಂಪಿ ಬೇಲಿಯೊಳಗಿನ ತನ್ನ ಕೋಣೆಗೆ ನುಸುಳಿ ಕೂತಳು.

“ಏನಂತೀರಿ, ಮಿಸ್ಟರ್ ಹಾಬ್ಸನ್?” ಅಮ್ಮನ ದನಿ ಕೇಳಿಸಿತು.

ಬಹಳ ಹೊತ್ತು ಕಾಫಿ ಹೀರುವ ಸದ್ದು. “ಈ ವರ್ಷ ಬೇಡ. ಮುಂದಿನ ವರ್ಷ ನೋಡೋಣ.”

ಜೂನ್ ತಿಂಗಳ ಒಂದು ಬೆಳಿಗ್ಗೆ ಮತ್ತೆ ಕೂಗು.

“ಲೆಂಪಿ! ನಿಮ್ಮನೆ ಅಂಗಳ ಮತ್ತೆ ನಮ್ಮನೆಗೆ ಬಂದಿದೆ!”

ರಾತ್ರಿ ಮಳೆಯೇ ಇರಲಿಲ್ಲವಲ್ಲ! ಲೆಂಪಿ ಬರಿಗಾಲಲ್ಲೇ ಓಡಿದಳು. ಮೆಟ್ಟಿಲು ಸ್ವಚ್ಛವಾಗಿತ್ತು. ಮಿಸ್ಟರ್ ಹಾಬ್ಸನ್ ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಬೇಲಿಯ ಕೆಳಗಿನಿಂದ ಸ್ಟ್ರಾಬೆರಿಯ ಎರಡು ಕೆಂಪು ಬಳ್ಳಿಗಳು ಅವರ ಜಾಗಕ್ಕೆ ಇಳಿದು ಬಂದಿದ್ದವು. ಎಳೆದುಕೊಳ್ಳೋಣವೆಂದು ಲೆಂಪಿ ಕೈಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಒಂದು ಬಳ್ಳಿಯ ಮೇಲೆ, ಪುಟ್ಟ ಮರಿಗಿಡದ ಪಕ್ಕದಲ್ಲಿ, ಚಪ್ಪಟೆಯಾದ ಬೂದು ಕಲ್ಲೊಂದಿತ್ತು.

ಅದನ್ನು ಅವಳು ಇಟ್ಟಿರಲಿಲ್ಲ.

ಲೆಂಪಿ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ಅಲ್ಲೇ ಸುತ್ತಮುತ್ತ ಹುಡುಕಿ, ಅಂಥದೇ ಚಪ್ಪಟೆ ಕಲ್ಲೊಂದನ್ನು ತಂದು ಎರಡನೆಯ ಬಳ್ಳಿಯ ಮೇಲೆ ಇಟ್ಟಳು.