ಬಾಲ ತಪ್ಪಿದ ಹೆಲಿಕಾಪ್ಟರ್

ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಓರಿನ್ ಟ್ವೇಟ್‌ನ ಹೆಲಿಕಾಪ್ಟರ್ ಬಂದು ಮೈದಾನದ ಅಂಚಿನ ಕಾಫಿ ಮೇಜಿಗೆ ಅಪ್ಪಳಿಸಿತು.

ಆಟಿಕೆ ಅಂದುಕೊಳ್ಳುವ ಹಾಗಿಲ್ಲ. ನಾಲ್ಕೂವರೆ ಅಡಿ ಉದ್ದ, ಹತ್ತು ಪೌಂಡ್ ತೂಕ, ರಿಮೋಟ್‌ನಿಂದ ಹಾರುವ ಯಂತ್ರ. ಮೇಜಿನ ಹಿಂದೆ ಕಾಫಿ ಬಗ್ಗಿಸುತ್ತಿದ್ದ ಲವಾನ್ ಬಕ್ಕೆಯ ಮುಂಗೈಯನ್ನು ಅದರ ರೆಕ್ಕೆ ಸೀಳಿತು. ಹನ್ನೊಂದು ಹೊಲಿಗೆ ಬಿದ್ದವು.

ಎಪ್ಪತ್ನಾಲ್ಕು ವರ್ಷದ ಓರಿನ್ ರಿಮೋಟ್ ಹಿಡಿದು ನಿಂತಲ್ಲೇ ನಿಂತಿದ್ದ. ಇಂಥ ಯಂತ್ರಗಳನ್ನು ಹಾರಿಸುವವರ ಕ್ಲಬ್ಬಿನಲ್ಲಿ ಸುರಕ್ಷತೆಯ ಹೊಣೆ ಹೊತ್ತಿದ್ದ ಆರ್ಡಿಸ್ ಫೆನ್ಸ್ಕಿ ಅವನ ಹತ್ತಿರ ಹೋದಳು.

"ಎಡಕ್ಕೆ ಒತ್ತಿದೆ ಆರ್ಡಿಸ್. ಅದು ಬಲಕ್ಕೇ ಹೋಯ್ತು" ಎಂದ. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಎಡಕ್ಕೇ ಒತ್ತಿದ್ನಾ?"

ಗಾಯಾಳುವನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಸದಸ್ಯರು ಮೈದಾನದಲ್ಲೇ ಸೇರಿದರು. ರಿಮೋಟ್ ವಿಮಾನ ಹಾರಿಸುವ ಗೋರ್ಡನ್ ಪೆಲ್ಜ್‌ಗೆ ಹೆಲಿಕಾಪ್ಟರ್ ಎಂದರೆ ಮೊದಲಿಂದ ಆಗುತ್ತಿರಲಿಲ್ಲ. ಮೊದಲು ಓರಿನ್‌ನ ಪರವಾನಗಿ ರದ್ದಾಗಬೇಕು, ಆಮೇಲೆ ಎಲ್ಲ ಹೆಲಿಕಾಪ್ಟರುಗಳನ್ನೂ ಈ ಹೊಲದಿಂದ ಓಡಿಸಬೇಕು ಎಂದ. ಕ್ಲಬ್ಬಿಗೆ ಮೈದಾನ ಬಿಟ್ಟುಕೊಟ್ಟಿದ್ದ ಹೊಲದ ಮಾಲೀಕನೂ ಫೋನಿನಲ್ಲಿ ಗುಡುಗಿದ್ದ. ಇನ್ನೊಂದು ರಕ್ತದ ಹನಿ ಬಿದ್ದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ಮಂಗಳವಾರ ಮತ ಎಂದು ತೀರ್ಮಾನವಾಯಿತು.

ಡೆಲ್ವಿನ್ ರಾಸ್ಕ್ ಓರಿನ್‌ನ ಸ್ನೇಹಿತ, ಕ್ಲಬ್ಬಿನಲ್ಲೇ ಚೆನ್ನಾಗಿ ಹೆಲಿಕಾಪ್ಟರ್ ಹಾರಿಸುವವನು. ಅವನು ತಲೆ ತಗ್ಗಿಸಿ, ಓರಿನ್‌ಗೂ ವಯಸ್ಸಾಯಿತು, ಇನ್ನು ವಿಶ್ರಾಂತಿ ಒಳ್ಳೆಯದು ಎಂದ. ಸ್ನೇಹಿತನೇ ಹಾಗೆಂದ ಮೇಲೆ ಬೇರೆಯವರಿಗೆ ಅನುಮಾನ ಉಳಿಯಲಿಲ್ಲ.

ಆರ್ಡಿಸ್ ಇಪ್ಪತ್ತೇಳು ವರ್ಷ ಸೈನ್ಯದ ನಿಜವಾದ ಹೆಲಿಕಾಪ್ಟರುಗಳನ್ನು ರಿಪೇರಿ ಮಾಡಿದವಳು. ಬಿದ್ದ ಯಂತ್ರ ಮಾತಾಡುವ ಮೊದಲು ಹಾರಿಸಿದವನ ಮೇಲೆ ತಪ್ಪು ಹೊರಿಸುವುದು ಅವಳಿಗೆ ಗೊತ್ತಿರಲಿಲ್ಲ. ಮುರಿದ ಯಂತ್ರವನ್ನು ತನ್ನ ಪಿಕಪ್‌ಗೆ ಹಾಕಿಕೊಂಡಳು.

\* \* \*

ಮನೆಯ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ ಕೆಲಸಕ್ಕೆ ಕೂತಳು.

ಹೆಲಿಕಾಪ್ಟರಿನ ಮೂತಿ ನೇರ ನಿಲ್ಲಿಸುವುದು ಬಾಲದ ಪುಟ್ಟ ರೆಕ್ಕೆಗಳು. ಆ ರೆಕ್ಕೆಗಳಿಗೆ ಅಪ್ಪಣೆ ಕೊಡುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ, ಜೈರೋ. ಮೂತಿ ಕೊಂಚ ಹೊರಳಿದರೂ ಅದಕ್ಕೆ ತಿಳಿಯುತ್ತದೆ. ಅಪ್ಪಣೆಯಂತೆ ರೆಕ್ಕೆಗಳನ್ನು ಓರೆ ಮಾಡುವ ಮೋಟಾರಿಗೆ ಸರ್ವೋ ಎನ್ನುತ್ತಾರೆ.

ಮೊದಲು ಬಾಲಕ್ಕೆ ಹೋಗುವ ಬೆಲ್ಟ್ ನೋಡಿದಳು. ಬಿಗಿಯಾಗಿತ್ತು. ಸರ್ವೋದ ಹಲ್ಲುಗಳು ಸವೆದಿರಲಿಲ್ಲ. ವೈರುಗಳನ್ನು ಒಂದೊಂದಾಗಿ ಅಲುಗಿಸಿದಳು. ಸಡಿಲವಿರಲಿಲ್ಲ. ಜೈರೋ ಅಂಟಿಸಿದ್ದ ಟೇಪು ಗಟ್ಟಿಯಾಗಿತ್ತು. ರಿಮೋಟ್‌ನಲ್ಲೂ ದೋಷ ಕಾಣಲಿಲ್ಲ. ಬ್ಯಾಟರಿ ಜೋಡಿಸಿ, ಯಂತ್ರವನ್ನು ಕೈಯಲ್ಲೇ ಎಡಕ್ಕೆ ತಿರುಗಿಸಿದಳು. ಸರ್ವೋ ಸರಿಯಾದ ಕಡೆಗೇ ಎಳೆಯಿತು.

ಎಲ್ಲವೂ ಸರಿ. ಹಾಗಾದರೆ ತಪ್ಪು ಓರಿನ್‌ನದೇ.

ಆದರೂ ಟೇಪಿನ ಮೇಲೆ ಅವಳ ಕಣ್ಣು ನಿಂತಿತು. ಯಂತ್ರದ ಮೇಲೆಲ್ಲ ಧೂಳು, ಎಣ್ಣೆ. ಟೇಪಿನ ಅಂಚು ಮಾತ್ರ ಬೆಳ್ಳಗಿತ್ತು. ಯಾರೋ ಈಚೆಗೆ ಹೊಸದಾಗಿ ಅಂಟಿಸಿದ ಹಾಗೆ.

\* \* \*

ಭಾನುವಾರ ಚರ್ಚ್ ಮುಗಿಸಿ ಗೋರ್ಡನ್‌ನ ಮನೆಗೆ ಹೋದಳು. ಓರಿನ್‌ನ ಯಂತ್ರದ ಹತ್ತಿರ ನೀನು ಓಡಾಡುತ್ತಿದ್ದೆಯಂತೆ ಎಂದು ನೇರವಾಗಿಯೇ ಕೇಳಿದಳು.

"ನನಗೆ ಆ ಗಿರಗಿಟ್ಟಲೆಗಳನ್ನ ಕಂಡ್ರಾಗಲ್ಲ, ನಿಜ. ಅದನ್ನ ಎಲ್ಲರ ಮುಂದೇನೇ ಹೇಳ್ತೀನಿ. ಕದ್ದುಮುಚ್ಚಿ ಮಾಡೋನಲ್ಲ ಕಣಮ್ಮ" ಎಂದ ಗೋರ್ಡನ್.

ಶನಿವಾರ ಬೆಳಿಗ್ಗೆ ನಡೆದದ್ದನ್ನೂ ಅವನೇ ಬಿಡಿಸಿ ಹೇಳಿದ. ಓರಿನ್‌ಗೆ ಸೊಂಟದ ಆಪರೇಷನ್ ಆಗಿತ್ತು, ಭಾರ ಎತ್ತುವಂತಿರಲಿಲ್ಲ. ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಯಂತ್ರ ರಿಪೇರಿಗೆ ಸೇರಿದ್ದಾಗ, ಡೆಲ್ವಿನ್ ಓರಿನ್‌ನ ಹೆಲಿಕಾಪ್ಟರನ್ನು ತನ್ನ ಗಾಡಿಗೆ ಹಾಕಿಕೊಂಡಿದ್ದ. ಶನಿವಾರ ಅದನ್ನು ಬೆಚ್ಚಗಿನ ಗಾಡಿಯಿಂದ ಇಳಿಸಿ ಓರಿನ್‌ನ ಕೈಗಿತ್ತ. ಓರಿನ್ ಬ್ಯಾಟರಿ ಜೋಡಿಸಿ, ಎಂದಿನಂತೆ ಕೈಯಲ್ಲಿ ತಿರುಗಿಸಿ ಪರೀಕ್ಷಿಸಿದ. ಗೋರ್ಡನ್‌ನ ವಿಮಾನ ಇಳಿಯಲೆಂದು ಐದಾರು ನಿಮಿಷ ಕಾದ. ಆಮೇಲೆ ಹಾರಿಸಿದ.

"ಆ ಐದಾರು ನಿಮಿಷ ಯಂತ್ರ ಎಲ್ಲಿತ್ತು?"

"ನೆಲದ ಮೇಲೆ, ಅವನ ಕಾಲ ಬುಡದಲ್ಲೇ. ಯಾರೂ ಮುಟ್ಟಲಿಲ್ಲ. ಹುಲ್ಲೆಲ್ಲ ಹಿಮ ಹಿಡಿದು ಬೆಳ್ಳಗಿತ್ತಲ್ಲ, ಪಾಪ, ಮುದುಕ ನಡುಗ್ತಾ ನಿಂತಿದ್ದ."

ಆರ್ಡಿಸ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಗ್ಯಾರೇಜಿನಲ್ಲಿ ಬೆಚ್ಚಗಿದ್ದ ಯಂತ್ರಕ್ಕೆ ಬ್ಯಾಟರಿ ಜೋಡಿಸಿದಳು. ಸರ್ವೋ ಅಲ್ಲಾಡಲಿಲ್ಲ. ಅದನ್ನು ಹಾಗೇ ಹೊರಗೊಯ್ದು ಚಳಿಯಲ್ಲಿ ಜಗುಲಿಯ ಮೇಲಿಟ್ಟಳು. ಗಡಿಯಾರ ನೋಡುತ್ತ ನಿಂತಳು. ಮೂರು ನಿಮಿಷಕ್ಕೆ ಸರ್ವೋದ ತೋಳು ತಾನಾಗಿ ತೆವಳತೊಡಗಿತು. ಐದು ನಿಮಿಷಕ್ಕೆ ಒಂದು ಕೊನೆಗೆ ಹೋಗಿ ಒತ್ತಿ ನಿಂತಿತು.

ಯಂತ್ರ ಕದಲಿರಲಿಲ್ಲ. ಆದರೂ ಚಳಿ ತಾಗಿದ ಜೈರೋಗೆ ತಾನು ತಿರುಗುತ್ತಿದ್ದೇನೆ ಎಂಬ ಭ್ರಮೆ. ಓರಿನ್ ಎಡಕ್ಕೇ ಒತ್ತಿದ್ದ.

ಅವನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದಳು. ಹೋದ ಚಳಿಗಾಲ ಇದೇ ಜೈರೋ ಹಾಕಿ ಹಾರಿಸಿದ್ದೆಯಾ? ಹಿಮದಲ್ಲೂ ಹಾರಿಸಿದ್ದೆ, ಬಾಲ ಎಂದೂ ಕದಲಿಲ್ಲ ಎಂದ. ಅದರ ಮೇಲೆ ಗುರುತು ಏನಾದರೂ ಇದೆಯಾ? ಜೈರೋ ಹೊಂದಿಸುವ ಪುಟ್ಟ ತಿರುಪು ಜರುಗಬಾರದೆಂದು ಅದಕ್ಕೆ ಕಿತ್ತಳೆ ಬಣ್ಣದ ಉಗುರುಬಣ್ಣ ಹಚ್ಚಿದ್ದೇನೆ, ಅಂಗಡಿಯ ಹುಡುಗಿ ನಕ್ಕಿದ್ದಳು ಎಂದ.

ಆರ್ಡಿಸ್ ಭೂತಗನ್ನಡಿ ಹಿಡಿದು ನೋಡಿದಳು. ತಿರುಪು ಬೋಳಾಗಿತ್ತು. ಉಗುರುಬಣ್ಣದ ಕಲೆಯೂ ಇರಲಿಲ್ಲ.

\* \* \*

ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಹದಿನಾರು ಜನ ಸೇರಿದರು. ಮುಂಗೈಗೆ ಪಟ್ಟಿ ಕಟ್ಟಿಕೊಂಡು ಲವಾನ್ ಕೂಡ ಬಂದಿದ್ದಳು. ಓರಿನ್ ಕೊನೆಯ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಡೆಲ್ವಿನ್. ಬರುವ ಭಾನುವಾರ ರಾಜ್ಯಮಟ್ಟದ ಸ್ಪರ್ಧೆಯಿತ್ತು, ಅವನ ಹೆಲಿಕಾಪ್ಟರ್ ಮೇಜಿನ ಮೇಲೆ ಸಜ್ಜಾಗಿ ನಿಂತಿತ್ತು.

ಆರ್ಡಿಸ್ ಓರಿನ್‌ನ ಜೈರೋವನ್ನೂ ಸರ್ವೋವನ್ನೂ ಒಂದು ಹಲಗೆಗೆ ಅಂಟಿಸಿ ತಂದಿದ್ದಳು. ಬ್ಯಾಟರಿ ಜೋಡಿಸಿ, ಹಲಗೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯೊಳಗಿಟ್ಟಳು. ಎಲ್ಲರ ಕಣ್ಣೆದುರೇ ಸರ್ವೋದ ತೋಳು ತೆವಳಿತು.

"ಈ ರೋಗ ಯಾರ ಯಂತ್ರಕ್ಕಿತ್ತು, ನೆನಪಿದ್ಯಾ?" ಎಂದು ಕೇಳಿದಳು.

ಗೋರ್ಡನ್‌ಗೆ ನೆನಪಿತ್ತು. "ಡೆಲ್ವಿನ್‌ದು. ಬೆಳಬೆಳಿಗ್ಗೆ ಬಾಲ ಅತ್ತಿತ್ತ ಓಲಾಡೋದು. ಅದಕ್ಕೂ ಒಂದು ಲೋಟ ಕಾಫಿ ಕುಡಿಸಪ್ಪ ಅಂತ ನಾವು ರೇಗಿಸ್ತಿದ್ವಿ."

"ಶನಿವಾರ ನೀನು ಹಾರಿಸಿದಾಗ ಅಷ್ಟು ಚಳೀಲೂ ಅದರ ಬಾಲ ಮೊಳೆ ಹೊಡೆದ ಹಾಗೆ ನಿಂತಿತ್ತು. ಹೊಸ ಸರ್ವೋ ಹಾಕಿದೆ ಅಂದಿದ್ದೆ ಅಲ್ವಾ ಡೆಲ್ವಿನ್?" ಎಂದು ಆರ್ಡಿಸ್ ಕೇಳಿದಳು.

ಡೆಲ್ವಿನ್ ಹೂಂ ಎಂದ. ಆರ್ಡಿಸ್ ಅವನ ಯಂತ್ರದ ಬಾಲದ ಮೇಲೆ ಟಾರ್ಚ್ ಬೆಳಕು ಬಿಟ್ಟಳು. ಸರ್ವೋಗೆ ಅಂಟಿಸಿದ್ದ ಕಂಪನಿಯ ಚೀಟಿ ಬಿಸಿಲಿಗೆ ಬೆಳ್ಳಗಾಗಿ, ಎಣ್ಣೆ ಕುಡಿದು ಸುಲಿಯುತ್ತಿತ್ತು.

"ಇದು ಮೂರು ವರ್ಷ ಹಳೇದು. ಮುಚ್ಚಳ ತೆಗೀತೀಯಾ?"

ಅವನು ಕೂತೇ ಇದ್ದ. ಮುಚ್ಚಳ ತೆಗೆದವನು ಗೋರ್ಡನ್. ಒಳಗೆ ಅದೇ ಮಾದರಿಯ ಜೈರೋ ಇತ್ತು. ತಿರುಪನ್ನು ಯಾರೋ ಚಾಕುವಿನಿಂದ ಕೆರೆದಿದ್ದರು. ಅದರ ಗೀರಿನ ಆಳದಲ್ಲಿ ಕೂದಲೆಳೆಯಷ್ಟು ಕಿತ್ತಳೆ ಬಣ್ಣ ಉಳಿದಿತ್ತು.

ಕೊನೆಗೆ ಡೆಲ್ವಿನ್ ಬಾಯಿ ಬಿಟ್ಟ. ಆ ಮಾದರಿ ಈಗ ಅಂಗಡಿಯಲ್ಲಿಲ್ಲ. ಬೇರೆಯದನ್ನು ತರಿಸಿ ಕೈಗೆ ಪಳಗಿಸಿಕೊಳ್ಳಲು ಸ್ಪರ್ಧೆಗೆ ಮೊದಲು ಸಮಯವಿರಲಿಲ್ಲ. ಗುರುವಾರ ಮನೆಯಲ್ಲಿ ಎರಡು ಜೈರೋಗಳನ್ನೂ ಅದಲುಬದಲು ಮಾಡಿದ. ಓರಿನ್ ನಿಧಾನವಾಗಿ ಹಾರಿಸುವವನು, ಅವನಿಗೆ ತಿಳಿಯುವುದೇ ಇಲ್ಲ, ಸ್ಪರ್ಧೆ ಮುಗಿದ ಮೇಲೆ ಸೋಮವಾರ ಮೊದಲಿನಂತೆ ಹಾಕಿಟ್ಟರಾಯಿತು ಎಂದುಕೊಂಡಿದ್ದ. ಯಾರಿಗೂ ಪೆಟ್ಟಾಗಲಿ ಎಂದಿರಲಿಲ್ಲ.

"ಆಸ್ಪತ್ರೆಗೆ ಹೂ ಹಿಡ್ಕೊಂಡು ಬಂದಿದ್ದೆ. ಆವಾಗ್ಲಾದ್ರೂ ಹೇಳ್ಬಹುದಿತ್ತು" ಎಂದಳು ಲವಾನ್.

ಡೆಲ್ವಿನ್ ಓರಿನ್‌ನ ಕಡೆ ತಿರುಗಿದ. "ಕೇಳಿದ್ರೆ ನೀನೇ ಕೊಡ್ತಿದ್ದೆ, ಗೊತ್ತು. ನಾಚಿಕೆ ಆಯ್ತು ಕಣೋ."

"ಕೊಡ್ತಿದ್ದೆ. ಜೈರೋ ಹಾಳಾಗಿ ಹೋಗ್ಲಿ" ಎಂದ ಓರಿನ್. ಅವನ ದನಿ ಏರಲಿಲ್ಲ. "ಮೂರು ದಿನದಿಂದ ಊಟದ ಮೇಜಿನ ಮುಂದೆ ಕೂತು ನನ್ನ ಕೈ ನಡುಗುತ್ತಾ, ಎಡ ಯಾವುದು ಬಲ ಯಾವುದು ಮರ್ತುಹೋಗಿದ್ಯಾ ಅಂತ ನೋಡ್ಕೊಳ್ತಿದ್ದೆ. ಕಾರಿನ ಬೀಗದ ಕೈನೂ ಮಗಳಿಗೆ ಕೊಟ್ಬಿಟ್ಟೆ. ನೀನು ದಿನಾ ಬಂದು ಎದುರಿಗೆ ಕೂತು, ವಯಸ್ಸಾಯ್ತಲ್ಲ ಬಿಡು ಅಂತಿದ್ದೆ."



ಗೋರ್ಡನ್ ತನ್ನ ಪ್ರಸ್ತಾವದ ಕಾಗದವನ್ನು ಮಡಚಿ ಜೇಬಿಗಿಟ್ಟ. ಡೆಲ್ವಿನ್‌ನನ್ನು ಕ್ಲಬ್ಬಿನಿಂದ ಹೊರಗಿಡಲು ಹದಿಮೂರು ಕೈ ಎದ್ದವು. ಓರಿನ್ ಕೈ ಎತ್ತಲಿಲ್ಲ. ಕೋಟು ಹಾಕಿಕೊಂಡು ಆರ್ಡಿಸ್ ಹತ್ತಿರ ಬಂದ. ತನ್ನನ್ನು ಮಗಳ ಮನೆಗೆ ಬಿಡುತ್ತೀಯಾ ಎಂದು ಕೇಳಿದ.

"ಈ ಹೊತ್ತಲ್ಲಿ ಅಲ್ಯಾಕೆ?"

"ಬೀಗದ ಕೈ ವಾಪಸ್ ತಗೋಬೇಕು."